ಎರಡೂ ವಿಮಾನ ಒಬ್ಬಳ ಕೈಯಲ್ಲಿ

ಫರೀದಾಬಾದಿನ ಒಂದು ಕೈಗಾರಿಕಾ ಸೆಕ್ಟರಿನಲ್ಲಿ, ನೆಲಮಹಡಿಯಲ್ಲಿ ಲೇತ್ ಯಂತ್ರಗಳು ಓಡುವ ಕಟ್ಟಡದ ಎರಡನೇ ಮಹಡಿಯಲ್ಲಿ ಕೂತು ಧಾರಿಣಿ ಏಳು ವರ್ಷ ವಿಮಾನ ನಡೆಸಿದ್ದಾಳೆ. ನಿಜವಾದ ವಿಮಾನಗಳಲ್ಲ. ಅದು ವಿಮಾನ ಸಂಚಾರ ನಿಯಂತ್ರಕರಿಗೆ ತರಬೇತಿ ಕೊಡುವ ಒಂದು ಖಾಸಗಿ ಕೇಂದ್ರ. ಒಂದು ಕೋಣೆಯಲ್ಲಿ ನಿಯಂತ್ರಕರು ರೇಡಾರ್ ಪರದೆಯ ಮುಂದೆ ಕೂರುತ್ತಾರೆ. ಗೋಡೆಯ ಆಚೆಯ ಕೋಣೆಯಲ್ಲಿ ನಾಲ್ಕು ಜನ ಹೆಡ್‌ಫೋನ್ ಹಾಕಿಕೊಂಡು ಪೈಲಟ್‌ಗಳ ಹಾಗೆ ಉತ್ತರ ಕೊಡುತ್ತಾರೆ. ನಿಯಂತ್ರಕ ಎಡಕ್ಕೆ ತಿರುಗಿ ಎಂದರೆ, ಅದೇ ಮಾತನ್ನು ಮರಳಿ ಹೇಳಿ, ಕೀಬೋರ್ಡಿನಲ್ಲಿ ಒತ್ತಿ, ಪರದೆಯ ಮೇಲಿನ ಚುಕ್ಕೆಯನ್ನು ಎಡಕ್ಕೆ ತಿರುಗಿಸುತ್ತಾರೆ. ಈ ಕೆಲಸ ಮಾಡುವವರನ್ನು ಸೂಡೋ ಪೈಲಟ್ ಎನ್ನುತ್ತಾರೆ. ಒಬ್ಬೊಬ್ಬರ ಕೈಯಲ್ಲಿ ಒಂದೇ ಹೊತ್ತಿಗೆ ಐದಾರು ವಿಮಾನಗಳಿರುತ್ತವೆ.

ಧಾರಿಣಿಯ ಊರು ಹುಳಿಯಾರಿನ ಹತ್ತಿರದ ಒಂದು ಹಳ್ಳಿ. ತಂದೆ ಈಶ್ವರಪ್ಪ ಮಂಡಿಗಳಲ್ಲಿ ತೆಂಗಿನಕಾಯಿ ಸುಲಿಯುವವರು. ಮನೆಯಲ್ಲಿ ಡಿಗ್ರಿ ಮಾಡಿದವರಲ್ಲಿ ಅವಳೇ ಮೊದಲು. ತಿಪಟೂರಿನಲ್ಲಿ ಬಿ.ಎಸ್‌ಸಿ. ಓದುವಾಗ ಭೌತಶಾಸ್ತ್ರದ ಮೇಡಂ ಒಬ್ಬರು ಪತ್ರಿಕೆಯಿಂದ ಒಂದು ಜಾಹೀರಾತು ಕತ್ತರಿಸಿ ಕೊಟ್ಟರು. ಸಂಚಾರ ನಿಯಂತ್ರಕರ ನೇಮಕಾತಿ ಪರೀಕ್ಷೆ. ಆ ಒಂದು ತುಂಡು ಕಾಗದ ಹಿಡಿದು ಅವಳು ದೆಹಲಿಗೆ ಬಂದಳು. ಕರೋಲ್ ಬಾಗಿನಲ್ಲಿ ಇಬ್ಬರು ಹುಡುಗಿಯರ ಜೊತೆ ಒಂದು ಕೋಣೆ ಹಿಡಿದು ಕೋಚಿಂಗ್ ಸೇರಿದಳು. ಮೂರು ಸಲ ಪರೀಕ್ಷೆ ಬರೆದಳು. ಮೂರನೆಯ ಸಲ ಲಿಖಿತ ಪರೀಕ್ಷೆಯಲ್ಲಿ ಪಾಸಾಗಿ, ಧ್ವನಿ ಪರೀಕ್ಷೆಯಲ್ಲೂ ಪಾಸಾದಳು. ಆದರೆ ಆಯ್ಕೆಯಾದವರ ಪಟ್ಟಿ ಅವಳ ಹೆಸರಿಗಿಂತ ಸ್ವಲ್ಪ ಮೇಲೆಯೇ ಮುಗಿದಿತ್ತು. ಮುಂದಿನ ಸಲ ಅರ್ಜಿ ಕರೆಯುವ ಹೊತ್ತಿಗೆ ವಯಸ್ಸಿನ ಮಿತಿ ದಾಟಿತ್ತು. ಅಷ್ಟರಲ್ಲಾಗಲೇ ಅವಳು ಫರೀದಾಬಾದಿನ ಈ ಕೆಲಸಕ್ಕೆ ಸೇರಿಯಾಗಿತ್ತು.

ಕೆಲಸ ಸಿಕ್ಕಿತೆಂದು ಊರಿಗೆ ಫೋನ್ ಮಾಡಿದಾಗ ಈಶ್ವರಪ್ಪ ಕೇಳಿದ್ದರು.

"ಏನವ್ವಾ, ವಿಮಾನ ಓಡಿಸ್ತೀಯಾ?"

"ಓಡಿಸೋ ಥರ ಮಾಡ್ತೀನಪ್ಪ."

"ಥರ ಮಾಡೋಕೂ ಸಂಬ್ಳ ಕೊಡ್ತಾರಾ?"

"ಕೊಡ್ತಾರಪ್ಪ."

"ಹಂಗಾದ್ರೆ ನಮ್ಮ ಪಂಚಾಯ್ತಿ ಮೆಂಬರೂ ಅದೇ ಕೆಲ್ಸ ಮಾಡ್ತಿರೋದು ಅನ್ನು!"

ಥರ ಮಾಡುವ ಕೆಲಸವನ್ನೇ ಅವಳು ಶ್ರದ್ಧೆಯಿಂದ ಕಲಿತಳು. ಯಾವ ವಿಮಾನ ಎಷ್ಟು ಬೇಗ ಇಳಿಯಬಲ್ಲದು, ಯಾವುದು ನಿಧಾನಕ್ಕೆ ತಿರುಗುತ್ತದೆ, ಹೆಚ್ಚು ಭಾರವಿದ್ದರೆ ಏನಾಗುತ್ತದೆ ಎಂಬುದನ್ನೆಲ್ಲ ಪುಸ್ತಕ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಬೇರೆಯವರು ಆರು ವಿಮಾನಕ್ಕೆ ಸುಸ್ತಾದರೆ ಅವಳು ಎಂಟು ಸಂಭಾಳಿಸುತ್ತಿದ್ದಳು. ಪ್ರತಿ ವಿಮಾನಕ್ಕೂ ಒಂದು ಚೀಟಿ ಇರುತ್ತಿತ್ತು. ಯಾರೂ ಹೇಳದೆ ಪೈಲಟ್ ತಾನಾಗಿ ಮಾಡುವ ಕೆಲಸಗಳು ಅದರಲ್ಲಿರುತ್ತಿದ್ದವು. ಉದಾಹರಣೆಗೆ, ಇಂಥ ಜಾಗಕ್ಕೆ ಬಂದಾಗ ವೇಗ ಇಳಿಸು, ಇಲ್ಲಿ ಇಳಿಯಲು ಸ್ವಲ್ಪ ತಡ ಮಾಡು ಎಂದು. ಧಾರಿಣಿ ಚೀಟಿಗಳನ್ನು ವಿಮಾನಗಳು ಬರುವ ಕ್ರಮದಲ್ಲೇ ಮೇಜಿನ ಮೇಲೆ ಸಾಲಾಗಿ ಜೋಡಿಸಿಕೊಳ್ಳುತ್ತಿದ್ದಳು.

ಕೇಂದ್ರದ ಮುಖ್ಯಸ್ಥರು ಇಂದುಶೇಖರ. ಮೂವತ್ತಮೂರು ವರ್ಷ ಸಂಚಾರ ನಿಯಂತ್ರಕರಾಗಿ ದುಡಿದು ನಿವೃತ್ತರಾದವರು, ಮೈಸೂರಿನ ಕಡೆಯವರು. ಅಲ್ಲಿ ಕನ್ನಡದವನು ಇನ್ನೊಬ್ಬನಿದ್ದ, ಧನುಷ್. ಹುಟ್ಟಿ ಬೆಳೆದದ್ದು ಜನಕಪುರಿಯಲ್ಲಿ, ಇಪ್ಪತ್ತಾರು ವರ್ಷದವನು, ಧಾರಿಣಿಯ ಪಕ್ಕದ ಮೇಜಿನ ಸೂಡೋ ಪೈಲಟ್. ಅವನ ಅರ್ಧ ವಾಕ್ಯ ಕನ್ನಡ, ಅರ್ಧ ಹಿಂದಿ.

ಈ ವರ್ಷ ಮಾರ್ಚ್ ತಿಂಗಳಲ್ಲಿ ಕೇಂದ್ರಕ್ಕೆ ತರಬೇತಿಯಲ್ಲದ ಒಂದು ಕೆಲಸ ಬಂತು. ವಿಮಾನದ ಉಪಕರಣ ತಯಾರಿಸುವ ಒಂದು ಕಂಪನಿ ಹೊಸ ಪದ್ಧತಿಯೊಂದನ್ನು ಪರೀಕ್ಷಿಸಿ ನೋಡಬೇಕೆಂದಿತ್ತು. ಈಗ ಇಳಿಯಲು ಸಾಲುಗಟ್ಟಿ ಬರುವ ವಿಮಾನಗಳ ನಡುವಿನ ಅಂತರ ನೋಡಿಕೊಳ್ಳುವುದು ನೆಲದ ಮೇಲಿರುವ ನಿಯಂತ್ರಕನ ಹೊಣೆ. ಹೊಸ ಪದ್ಧತಿಯಲ್ಲಿ ಅವನು ಆ ಹೊಣೆಯನ್ನು ಹಿಂದಿನ ವಿಮಾನದ ಪೈಲಟ್‌ಗೆ ಒಪ್ಪಿಸಬಹುದು. ಮುಂದಿನ ವಿಮಾನಕ್ಕಿಂತ ತೊಂಬತ್ತು ಸೆಕೆಂಡು ಹಿಂದೆ ಇರಿ ಎಂದು ಒಮ್ಮೆ ಹೇಳಿದರೆ ಸಾಕು. ಪೈಲಟ್ ತನ್ನ ಮುಂದಿರುವ ಸಣ್ಣ ಪರದೆಯಲ್ಲಿ ಆ ವಿಮಾನವನ್ನು ನೋಡುತ್ತ ತಾನೇ ವೇಗ ಏರಿಸಿ ಇಳಿಸಿ ಅಂತರ ಕಾಯುತ್ತಾನೆ. ಅಂತರ ಎಪ್ಪತ್ತೈದು ಸೆಕೆಂಡಿಗಿಂತ ಕಡಿಮೆಯಾದರೆ ತಪ್ಪು. ತಪ್ಪಾಗದೆ ನಿಯಂತ್ರಕನ ಹೊರೆ ಇಳಿಯುತ್ತದೆಯೇ ಎಂಬುದು ಪ್ರಶ್ನೆ.

ಹತ್ತು ದಿನಗಳ ಪ್ರಯೋಗ. ಇಂದುಶೇಖರ ಮೊದಲೇ ಎಲ್ಲರನ್ನೂ ಕೂರಿಸಿಕೊಂಡು ಬಿಚ್ಚಿ ಹೇಳಿದ್ದರು. ಇದು ಚೆನ್ನಾಗಿ ಬಂದರೆ ಕಂಪನಿ ಮುಂದಿನ ಹಂತಕ್ಕೆ ಒಂದು ವರ್ಷದ ಕೆಲಸ ಕೊಡುತ್ತದೆ, ನಾಲ್ಕೂ ಸೂಡೋ ಪೈಲಟ್‌ಗಳ ಕಾಂಟ್ರಾಕ್ಟ್ ಒಂದು ವರ್ಷ ಮುಂದುವರಿಯುತ್ತದೆ. ಬರದಿದ್ದರೆ ಮಾರ್ಚ್ ಕೊನೆಗೆ ಮುಗಿಯಿತು. ತರಬೇತಿಗೆ ಬರುವವರು ಈಚೆಗೆ ಕಡಿಮೆಯಾಗಿದ್ದರು. ಧಾರಿಣಿಗೆ ಆಗ ಮೂವತ್ತೊಂದು. ಪರೀಕ್ಷೆಯ ಬಾಗಿಲು ಮುಚ್ಚಿದ ಮೇಲೆ ಅವಳು ಬಯಸಿದ ಕ್ಷೇತ್ರಕ್ಕೂ ಅವಳಿಗೂ ಇದ್ದ ನಂಟು ಆ ಎರಡನೇ ಮಹಡಿಯ ಮೇಜೊಂದೇ.

ಮೊದಲ ಮೂರು ದಿನ ಯಾರೂ ಎಣಿಸದಷ್ಟು ಚೆನ್ನಾಗಿ ನಡೆಯಿತು. ಪೂರ್ವದಿಂದ ಬರುವ ವಿಮಾನಗಳೆಲ್ಲ ಧಾರಿಣಿಯವು, ಪಶ್ಚಿಮದಿಂದ ಬರುವವು ಧನುಷ್‌ನವು, ಉಳಿದ ಎರಡು ದಿಕ್ಕಿನವು ಇನ್ನಿಬ್ಬರವು. ಧಾರಿಣಿಯ ಸಾಲಿನಲ್ಲಿ ಅಂತರ ಒಮ್ಮೆಯೂ ಎಂಬತ್ತೇಳಕ್ಕಿಂತ ಕೆಳಗಿಳಿಯಲಿಲ್ಲ. ಉಳಿದವರದೂ ಹೆಚ್ಚು ಕಡಿಮೆ ಹಾಗೆಯೇ. ಪ್ರಯೋಗಕ್ಕೆಂದು ಬಂದಿದ್ದ ನಿಯಂತ್ರಕ ಸಂದೀಪ್ ಹದಿನೈದು ವರ್ಷದ ಅನುಭವಿ. ಮೂರನೆಯ ದಿನ ಅವನು ಹೊರಗೆ ಬಂದು ನಗುತ್ತ ಇಂದುಶೇಖರರಿಗೆ ಹಿಂದಿಯಲ್ಲಿ ಹೇಳಿದ.

"ನಾನು ಇಲ್ಲದಿದ್ದರೂ ನಡೆಯುತ್ತೆ ಸರ್. ಇವತ್ತು ಹೆಡ್‌ಫೋನ್ ಹಾಕಿಕೊಂಡೇ ಬಿಸಿ ಚಹಾ ಕುಡಿದೆ. ಸರ್ವಿಸ್ಸಿನಲ್ಲೇ ಮೊದಲ ಸಲ."

ಇಂದುಶೇಖರ ಜಿಲೇಬಿ ತರಿಸಿದರು.

ನಾಲ್ಕನೆಯ ದಿನ ಪ್ರಯೋಗದ ಮಧ್ಯೆ ಧಾರಿಣಿಯ ಕಂಪ್ಯೂಟರ್ ನಿಂತುಹೋಯಿತು. ಅದನ್ನು ಮತ್ತೆ ಓಡಿಸುವಷ್ಟರಲ್ಲಿ ಅವಳ ಆರು ವಿಮಾನಗಳಲ್ಲಿ ಮೂರನ್ನು, ಚೀಟಿಗಳ ಸಮೇತ, ಧನುಷ್‌ಗೆ ಕೊಡಲಾಗಿತ್ತು. ಒಂದು ಬಿಟ್ಟು ಒಂದು. ಕೆಲಸ ಮುಂದುವರಿಯಿತು. ಸ್ವಲ್ಪ ಹೊತ್ತಿನ ಮೇಲೆ ಧಾರಿಣಿಯ ಒಂದು ವಿಮಾನ ಮುಂದಿನದಕ್ಕೆ ಹತ್ತಿರವಾಗತೊಡಗಿತು. ಅವಳು ನೋಡಿ ವೇಗ ಇಳಿಸುವ ಹೊತ್ತಿಗೆ ಅಂತರ ಅರವತ್ತೊಂದಕ್ಕೆ ಬಂದಿತ್ತು. ಹೆಡ್‌ಫೋನಿನಲ್ಲಿ ಸಂದೀಪನ ದನಿ ಗಡುಸಾಗಿ ಕೇಳಿತು. ಅವನು ಹೊಣೆಯನ್ನು ವಾಪಸ್ ತೆಗೆದುಕೊಂಡು, ಅವಳ ವಿಮಾನವನ್ನು ಸಾಲಿನಿಂದ ಆಚೆ ತಿರುಗಿಸಿದ.

"ಕಂಪ್ಯೂಟರ್ ಕೆಟ್ಟಿದ್ದರಿಂದ ಆಗಿದ್ದು," ಎಂದರು ಇಂದುಶೇಖರ. "ಇವತ್ತಿನದನ್ನ ಲೆಕ್ಕಕ್ಕೆ ಹಿಡಿಯೋದು ಬೇಡ. ಧಾರಿಣಿ, ಕಂಪ್ಯೂಟರ್ ಎಷ್ಟು ಹೊತ್ತಿಗೆ ನಿಂತಿತು, ಎಷ್ಟು ಹೊತ್ತಿಗೆ ಶುರುವಾಯ್ತು ಅಂತ ದಾಖಲೆಯಲ್ಲಿ ನೋಡಿ ಬರೆದುಕೊಡಮ್ಮಾ."

ಆ ಕೇಂದ್ರದಲ್ಲಿ ಯಾರು ಯಾವ ಕೀಲಿ ಯಾವ ಸೆಕೆಂಡಿನಲ್ಲಿ ಒತ್ತಿದರು ಎಂಬುದೆಲ್ಲ ದಾಖಲಾಗುತ್ತದೆ. ಮರುದಿನ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಅವಳು ಆ ಉದ್ದನೆಯ ಪಟ್ಟಿ ತೆರೆದಳು. ಕಂಪ್ಯೂಟರ್ ಸರಿಹೋದದ್ದು ಹನ್ನೊಂದು ಗಂಟೆ ಆರು ನಿಮಿಷಕ್ಕೆ. ಅಂತರ ಕಡಿಮೆಯಾದದ್ದು ಹನ್ನೊಂದೂವರೆಗೆ. ನಡುವೆ ಇಪ್ಪತ್ತನಾಲ್ಕು ನಿಮಿಷ ಎಲ್ಲವೂ ಸರಿಯಿತ್ತು. ಹಾಗಾದರೆ ಕಂಪ್ಯೂಟರಿನ ತಪ್ಪಲ್ಲ.

ಮುಂದಿನ ವಿಮಾನ ಧನುಷ್‌ನ ಕೈಯಲ್ಲಿತ್ತು. ತನ್ನ ಚೀಟಿಯಲ್ಲಿದ್ದ ಹಾಗೆ, ಯಾರೂ ಹೇಳದೆ, ಅವನು ವೇಗ ಇಳಿಸಿದ್ದ. ರೇಡಿಯೋದಲ್ಲಿ ಆ ಮಾತು ಬಂದಿರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಧಾರಿಣಿಗೆ ಗೊತ್ತಾದದ್ದು ಚುಕ್ಕೆ ಹತ್ತಿರ ಬಂದ ಮೇಲೆಯೇ. ಇಂಥದೇ ಚೀಟಿಗಳು ಮೊದಲ ಮೂರು ದಿನವೂ ಇದ್ದವಲ್ಲ, ಆಗ ಹೇಗೆ ತಪ್ಪಲಿಲ್ಲ ಎಂದು ಅವಳು ಹಿಂದಿನ ದಿನಗಳ ಪಟ್ಟಿ ತೆರೆದಳು.

ಎರಡನೆಯ ದಿನದ ಒಂದು ಸಾಲಿನಲ್ಲಿ ಅವಳ ಬೆರಳು ನಿಂತಿತು. ಮುಂದಿನ ವಿಮಾನ ವೇಗ ಇಳಿಸಿದ್ದು ಹನ್ನೊಂದು ಗಂಟೆ ನಲವತ್ತೆರಡು ನಿಮಿಷ ಇಪ್ಪತ್ತು ಸೆಕೆಂಡಿಗೆ. ಹಿಂದಿನದು ಇಳಿಸಿದ್ದು ಹದಿನೆಂಟನೆಯ ಸೆಕೆಂಡಿಗೆ. ಎರಡು ಸೆಕೆಂಡು ಮೊದಲೇ. ಮುಂದಿರುವವನು ಬ್ರೇಕ್ ಹಾಕುವ ಮೊದಲೇ ಹಿಂದಿನವನು ಹಾಕಿದ ಹಾಗಾಯಿತು. ಹುಡುಕಿದರೆ ಅಂಥವು ಇನ್ನೂ ಸಿಕ್ಕವು. ಎರಡೂ ವಿಮಾನ ಅವಳವೇ, ಎರಡೂ ಚೀಟಿ ಅವಳ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ. ಮುಂದಿನದು ಏನು ಮಾಡಲಿದೆ ಎಂದು ಮೊದಲೇ ಗೊತ್ತಿದ್ದವಳು ಹಿಂದಿನದನ್ನು ತಾನಾಗಿ ಸಿದ್ಧಮಾಡಿಕೊಂಡಿದ್ದಳು. ಬೇಕೆಂದು ಮಾಡಿದ್ದಲ್ಲ. ಏಳು ವರ್ಷದ ಅಭ್ಯಾಸ ಕೈಗೆ ಹತ್ತಿತ್ತು. ಉಳಿದ ಮೂವರ ಪಟ್ಟಿಯಲ್ಲೂ ಅದೇ ಇತ್ತು, ಸ್ವಲ್ಪ ಕಡಿಮೆ.

ಮಧ್ಯಾಹ್ನ ಚಹಾಕ್ಕೆಂದು ಓಣಿಗೆ ಇಳಿದಾಗ ಅವಳು ಧನುಷ್‌ಗೆ ಹೇಳಿದಳು. ಅವನು ಮಟ್ಟಿ ಎಂಬ ಗರಿಗರಿಯಾದ ಉಪ್ಪು ಬಿಸ್ಕತ್ತನ್ನು ಮುರಿಯುತ್ತ ಕೇಳಿಸಿಕೊಂಡ.

"ಭಯ್ಯಾ, ಅಕ್ಕನ ಚಾಯ್‌ಗೆ ಸ್ವಲ್ಪ ಸಕ್ಕರೆ ಜಾಸ್ತಿ ಹಾಕಿ, ತಲೆ ಕೆಟ್ಟಿದೆ," ಎಂದು ಅಂಗಡಿಯವನಿಗೆ ಹಿಂದಿಯಲ್ಲಿ ಹೇಳಿ ಅವಳ ಕಡೆ ತಿರುಗಿದ. "ಅಕ್ಕಾ, ಒಂದು ಮಾತು ಕೇಳ್ಲಾ? ಯಾರಾದ್ರೂ ನಿನ್ನ ಕೇಳಿದ್ರಾ?"

"ಇಲ್ಲ."

"ತೋ ಫಿರ್? ಇನ್ನು ಐದೇ ದಿನ. ಸುಮ್ನೆ ಇರು ಬಸ್. ಇದೊಂದು ವರ್ಷ ಆದ್ರೆ ನಂಗೆ ಎಕ್ಸ್‌ಪೀರಿಯನ್ಸ್ ಲೆಟರ್ ಸಿಗುತ್ತೆ, ಗುರುಗ್ರಾಮದಲ್ಲಿ ಏರ್‌ಲೈನ್ ಆಫೀಸಿಗೆ ಅಪ್ಲೈ ಮಾಡ್ಬಹುದು. ನಿಂಗೂ ಒಳ್ಳೇದು. ನಿನ್ನ ಕೆಲ್ಸ ನೀನೇ ಯಾಕಕ್ಕಾ ತೆಗೆಸ್ಕೊಳ್ತೀಯ?"

"ನಾವು ಚೆನ್ನಾಗಿ ಮಾಡಿದ್ವಿ ಅಂತ ಅವರು ನಿಜವಾದ ವಿಮಾನಕ್ಕೆ ಹಾಕ್ತಾರಲ್ಲೋ. ಅಲ್ಲಿ ಹಿಂದಿನ ಪೈಲಟ್ ಹತ್ರ ಮುಂದಿನವನ ಚೀಟಿ ಇರುತ್ತಾ? ಸಂದೀಪ್ ಅಂಥೋರು ನಂಬಿ ಚಹಾ ಕುಡೀತಾ ಕೂತಿರ್ತಾರೆ."

"ಅದಕ್ಕೆ ಮೊದ್ಲು ಹತ್ತು ಟೆಸ್ಟ್ ಮಾಡ್ತಾರೆ. ದೊಡ್ಡೋರು ಇದ್ದಾರೆ, ನೋಡ್ಕೊಳ್ತಾರೆ."

"ಅವರೂ ನಮ್ಮ ಥರ ಇಬ್ಬರದ್ದನ್ನ ಒಬ್ಬರ ಕೈಲೇ ಕೊಟ್ರೆ?"

ಧನುಷ್ ಮಿಕ್ಕ ಮಟ್ಟಿಯನ್ನು ಅವಳ ತಟ್ಟೆಯಲ್ಲಿಟ್ಟು, "ನೀನು ಹೇಳೇ ಹೇಳ್ತೀಯ, ಮುಝೆ ಪತಾ ಹೈ. ಹುಳಿಯಾರಿಂದ ಬಂದು ನನ್ನ ಕರಿಯರ್ ಹಾಳು ಮಾಡ್ದೆ," ಎಂದು ಮೆಟ್ಟಿಲು ಹತ್ತಿದ.

ಅವಳು ತಕ್ಷಣ ಹೇಳಲಿಲ್ಲ. ಐದನೆಯ ದಿನದ ಮಧ್ಯಾಹ್ನದ ಪ್ರಯೋಗವನ್ನೂ ಹಳೆಯ ಹಾಗೆಯೇ ನಡೆಸಿದಳು. ಬೇಕೆಂದೇ ಮುಂದಿನ ವಿಮಾನದ ಚೀಟಿಯನ್ನು ನೋಡದಿರಲು ಪ್ರಯತ್ನಪಟ್ಟಳು. ಆಗಲಿಲ್ಲ. ಒಮ್ಮೆ ಓದಿದ್ದನ್ನು ಮರೆಯುವುದು ಅವಳ ಕೈಯಲ್ಲಿರಲಿಲ್ಲ. ಅಂತರ ಆವತ್ತೂ ಎಂಬತ್ತೊಂಬತ್ತು. ಇಂದುಶೇಖರ ಬಾಗಿಲಲ್ಲಿ ನಿಂತು ಹೆಬ್ಬೆರಳು ತೋರಿಸಿದರು. ಅದನ್ನು ನೋಡಿದ ಮೇಲೆ ಅವಳು ಪಟ್ಟಿಯ ನಾಲ್ಕು ಹಾಳೆಗಳನ್ನು ಪ್ರಿಂಟ್ ತೆಗೆದು, ಸಾಲುಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದುಕೊಂಡು ಅವರ ಕೋಣೆಗೆ ಹೋದಳು.

"ಸರ್, ನಿನ್ನೆ ಅಂತರ ಕಡಿಮೆ ಆಗಿದ್ದು ಕಂಪ್ಯೂಟರಿಂದ ಅಲ್ಲ."

"ಮತ್ತೆ?"

"ನಿನ್ನೆ ಆಗಿದ್ದೇ ಸರಿ ಸರ್. ಮಿಕ್ಕ ದಿನ ಆಗಿದ್ದು ತಪ್ಪು."

ಇಂದುಶೇಖರ ಕನ್ನಡಕ ತೆಗೆದರು. ಅವಳು ವಿವರಿಸಿದಳು. ಅರ್ಧದಲ್ಲೇ ಅವರು ತಡೆದರು.

"ನೋಡಮ್ಮಾ, ನೀನು ಪೈಲಟ್ಟೂ ಅಲ್ಲ, ಈ ಪ್ರಯೋಗ ರೂಪಿಸಿದವಳೂ ಅಲ್ಲ. ಕೈ ಚುರುಕಾಗಿದೆ, ಬೇಗ ಒತ್ತಿದೀಯ. ಒಳ್ಳೆ ಪೈಲಟ್ಟೂ ಬೇಗಾನೇ ಒತ್ತುತ್ತಾನೆ."

"ಒಳ್ಳೆ ಪೈಲಟ್ ನೋಡಿದ ಮೇಲೆ ಒತ್ತುತ್ತಾನೆ ಸರ್. ನಾನು ಮೊದಲೇ ಒತ್ತಿದೀನಿ." ಅವಳು ಹಾಳೆಯನ್ನು ಮೇಜಿನ ಮೇಲಿಟ್ಟು ಎರಡು ಸಮಯಗಳನ್ನು ತೋರಿಸಿದಳು.

ಅವರು ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಎರಡನೆಯ ಹಾಳೆ ತಾವೇ ಎಳೆದುಕೊಂಡರು. ಕೆಳಗಿನ ಲೇತ್ ಯಂತ್ರದ ಅದುರು ಮೇಜಿನ ಮೇಲಿನ ಲೋಟದ ನೀರಿನಲ್ಲಿ ಕಾಣುತ್ತಿತ್ತು.

"ಒಂದೊಂದು ದಿಕ್ಕು ಒಬ್ಬೊಬ್ಬರಿಗೆ ಅಂತ ಹಂಚಿದ್ದು ಯಾರು?" ಎಂದು ಕೇಳಿದರು.

"ನೀವೇ ಸರ್."

"ನಾನೇ. ಹತ್ತು ವರ್ಷದಿಂದ ಹಾಗೇ ಹಂಚ್ತಾ ಬಂದಿದೀನಿ."

"ತರಬೇತಿಗೆ ಅದೇ ಅನುಕೂಲ ಸರ್. ಅಲ್ಲಿ ಅಂತರ ನೋಡೋದು ನಿಯಂತ್ರಕರು, ನಾವು ಹೇಳಿದ್ದು ಮಾಡೋರು. ಇಲ್ಲಿ ಅಂತರ ನೋಡೋರೇ ನಾವು."

ಅವರು ತಲೆಯಾಡಿಸಿದರು. "ಕಾಂಟ್ರಾಕ್ಟ್ ವಿಷಯ ಗೊತ್ತಲ್ಲಮ್ಮಾ ನಿನಗೆ?"

"ಗೊತ್ತು ಸರ್."

"ಧನುಷ್‌ಗೆ ಹೇಳಿದೀಯಾ?"

"ಬೈದ ಸರ್."

"ಬೈಯ್ಯದೆ ಏನು ಮಾಡ್ತಾನೆ. ನನಗೂ ಬೈಯ್ಯೋಣ ಅನ್ನಿಸ್ತಿದೆ." ಅವರು ಎದ್ದು ಪ್ರಯೋಗದ ಕಾಗದಗಳ ಕಟ್ಟು ತಂದರು. "ಕೂತ್ಕೋ. ಹಂಚಿಕೆ ಮತ್ತೆ ಬರೆಯೋಣ."

ಇಬ್ಬರೂ ಕೂತು ಉಳಿದ ಐದು ದಿನಗಳ ಹಂಚಿಕೆ ಬದಲಿಸಿದರು. ಹಿಂದು ಮುಂದಿನ ಎರಡು ವಿಮಾನ ಯಾವತ್ತೂ ಒಬ್ಬರ ಕೈಯಲ್ಲಿ ಇರಬಾರದು, ಒಬ್ಬರ ಚೀಟಿ ಇನ್ನೊಬ್ಬರಿಗೆ ಕಾಣಬಾರದು. ಮೇಜುಗಳ ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಿದರು. ಕೆಳಗಿನ ವರ್ಕ್‌ಶಾಪಿನವರೇ ಕೊಯ್ದು ಕೊಟ್ಟರು.

ಆರನೆಯ ದಿನ ಅಂತರ ಮೂರು ಸಲ ಎಪ್ಪತ್ತೈದರ ಕೆಳಗೆ ಹೋಯಿತು. ಏಳನೆಯ ದಿನ ಎರಡು ಸಲ. ಸಂದೀಪ್ ಹೊಣೆ ಒಪ್ಪಿಸಿದ ಮೇಲೂ ಕಣ್ಣು ತೆಗೆಯದೆ ನೋಡತೊಡಗಿದ. ಸಂಜೆ ಹೆಡ್‌ಫೋನ್ ಕಳಚಿ ಕೇಳಿದ, "ಸರ್, ಕೊಟ್ಟ ಮೇಲೂ ನಾನೇ ಕಾಯಬೇಕಾದರೆ ಕೊಡುವುದು ಯಾಕೆ? ಮೊದಲು ಒಂದು ಕೆಲಸ ಇತ್ತು. ಈಗ ಎರಡು. ಅಂತರವನ್ನೂ ನೋಡಬೇಕು, ಅವರು ನೋಡುತ್ತಿದ್ದಾರೋ ಇಲ್ಲವೋ ಅಂತಾನೂ ನೋಡಬೇಕು."

ಧನುಷ್ ಹಲಗೆಯ ಆಚೆಯಿಂದ, "ಅಕ್ಕಾ, ಮುಬಾರಕ್ ಹೋ," ಎಂದ.

ಎಂಟನೆಯ ದಿನ ಧಾರಿಣಿ ಒಂದು ಸಲಹೆ ಕೊಟ್ಟಳು. ಮುಂದಿನ ಪೈಲಟ್ ತಾನಾಗಿ ವೇಗ ಇಳಿಸುವಾಗ ರೇಡಿಯೋದಲ್ಲಿ ಒಂದು ಮಾತು ಹೇಳಿಬಿಡಲಿ. ಹಿಂದಿನವನು ಕೇಳಿಸಿಕೊಳ್ಳುತ್ತಾನೆ. ಇಂದುಶೇಖರ ಕಂಪನಿಯವರನ್ನು ಕೇಳಿ ಒಪ್ಪಿಸಿದರು. ಕೊನೆಯ ಮೂರು ದಿನ ಅಂತರ ಒಮ್ಮೆ ಮಾತ್ರ ತಪ್ಪಿತು. ಆದರೆ ರೇಡಿಯೋದಲ್ಲಿ ಮಾತು ಹೆಚ್ಚಾಯಿತು. ನಿಯಂತ್ರಕನ ಹೊರೆ ಇಳಿದದ್ದು ಅಷ್ಟಕ್ಕಷ್ಟೇ.

ವರದಿಯಲ್ಲಿ ಇಂದುಶೇಖರ ಮೊದಲ ಐದು ದಿನಗಳ ಫಲಿತಾಂಶವನ್ನು ಪೂರ್ತಿ ಬಿಟ್ಟರು, ಏಕೆಂದು ಎರಡು ಪುಟ ಬರೆದರು. ಕಂಪನಿಯ ಉತ್ತರ ಹತ್ತು ದಿನಕ್ಕೆ ಬಂತು. ಒಂದು ವರ್ಷದ ಕೆಲಸ ಈಗ ಇಲ್ಲ. ಅದರ ಬದಲು ಪ್ರಯೋಗವನ್ನು ಮೊದಲಿಂದ ಮಾಡಬೇಕು, ಈ ಸಲ ಒಂದು ವಿಮಾನಕ್ಕೆ ಒಬ್ಬರು. ಹನ್ನೆರಡು ಜನ ಬೇಕು, ಒಂದೇ ತಿಂಗಳಿಗೆ. ಆ ತಿಂಗಳು ಮುಗಿದ ಮೇಲೆ ಏನೆಂದು ಪತ್ರದಲ್ಲಿ ಇರಲಿಲ್ಲ.

ಇಂದುಶೇಖರ ಧಾರಿಣಿಯನ್ನು ಕರೆದು ಹೊಸ ಎಂಟು ಜನರಿಗೆ ಕೆಲಸ ಕಲಿಸಿಕೊಡುವ ಹೊಣೆ ವಹಿಸಿದರು. ಅವಳು ಒಂದು ತಿಂಗಳ ಕಾಂಟ್ರಾಕ್ಟ್‌ಗೆ ಸಹಿ ಮಾಡಿದಳು. ಧನುಷ್ ಕೂಡ ಮಾಡಿದ, "ಏನು ಮಾಡ್ಲಿ, ಮನೇಲಿ ಮಮ್ಮಿ ಬೈತಾಳೆ," ಎಂದುಕೊಂಡು. ಊರಿಗೆ ಫೋನ್ ಮಾಡಿದಾಗ ಈಶ್ವರಪ್ಪ ಎಲ್ಲ ಕೇಳಿಸಿಕೊಂಡು ಕೇಳಿದರು.

"ಹಂಗಾದ್ರೆ ನೀನು ಹೇಳದೆ ಇದ್ದಿದ್ರೆ ಒಂದ್ ವರ್ಷ ಇರ್ತಿತ್ತು ಅನ್ನು?"

"ಹೂಂನಪ್ಪ."

"ಹೇಳಿದ್ದಕ್ಕೆ ಒಂದ್ ತಿಂಗಳು."

"ಹೂಂ."

"ಊಟಗೀಟ ಮಾಡ್ದ್ಯಾ?" ಎಂದರು ಈಶ್ವರಪ್ಪ.

ಹೊಸ ಪ್ರಯೋಗ ಏಪ್ರಿಲ್ ಕೊನೆಯಲ್ಲಿ ಶುರುವಾಯಿತು. ಹನ್ನೆರಡು ಮೇಜು, ನಡುವೆ ಹಲಗೆಗಳು. ಧಾರಿಣಿಯ ಪರದೆಯಲ್ಲಿ ಅವಳದೆಂದು ಒಂದೇ ವಿಮಾನ, ಮೇಜಿನ ಮೇಲೆ ಒಂದೇ ಚೀಟಿ. ಮುಂದಿನ ವಿಮಾನ ಯಾರ ಕೈಯಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದೆಂದು ನಿಯಮ ಬರೆದವಳೂ ಅವಳೇ. ಸಂದೀಪ್ ಅಂತರದ ಹೊಣೆ ಒಪ್ಪಿಸಿದ. ಅವಳು ಒಪ್ಪಿಕೊಂಡು ಪರದೆಯ ಮೇಲೆ ಕಣ್ಣಿಟ್ಟು ಕೂತಳು. ಕೈಗಳಿಗೆ ಮಾಡಲು ಏನೂ ಇರಲಿಲ್ಲ. ಅವು ಒಂದೆರಡು ಸಲ ಕೀಲಿಯ ಕಡೆಗೆ ಹೋದವು, ಅವಳು ಹಿಂದಕ್ಕೆ ತೆಗೆದುಕೊಂಡಳು.

ಹದಿಮೂರನೆಯ ನಿಮಿಷಕ್ಕೆ ಮುಂದಿನವನು ವೇಗ ಇಳಿಸುತ್ತಿದ್ದೇನೆಂದು ಹೇಳಿದ. ಹೊಸಬ, ಮಾತು ತಡವರಿಸಿ ಅರ್ಧ ಮಾತ್ರ ಕೇಳಿಸಿತು. ಅವಳು ಚುಕ್ಕೆಯನ್ನು ನೋಡಿ ಖಚಿತಪಡಿಸಿಕೊಂಡು, ಆಮೇಲೆ ತನ್ನ ವೇಗ ಇಳಿಸಿದಳು. ಅಂತರ ಎಪ್ಪತ್ತೊಂಬತ್ತಕ್ಕೆ ಬಂದು ನಿಂತಿತು. ನಿಯಮದ ಒಳಗೇ ಇತ್ತು. ಆದರೆ ಏಳು ವರ್ಷದಲ್ಲಿ ಅವಳು ಬೇಕೆಂದೇ ಅಷ್ಟು ಹೊತ್ತು ಕಾದು ಕೀಲಿ ಒತ್ತಿದ್ದಿಲ್ಲ. ಸಂಜೆ ಇಂದುಶೇಖರ ಆ ಅಂಕಿಯ ಮುಂದೆ ಪೆನ್ನು ಹಿಡಿದು ಅವಳನ್ನು ನೋಡಿದರು.

"ಇದನ್ನ ಹೀಗೇ ಬರೆಯೋಣವಾ?"

"ಹೀಗೇ ಬರೀರಿ ಸರ್," ಎಂದಳು ಧಾರಿಣಿ. ನಂತರ ಮರುದಿನದ ಹಂಚಿಕೆಯ ಹಾಳೆ ತೆಗೆದುಕೊಂಡು ಹೊಸಬರನ್ನು ಕರೆದಳು. ರೇಡಿಯೋದಲ್ಲಿ ಮಾತು ಅರ್ಧಕ್ಕೆ ನುಂಗಬಾರದೆಂದು ಅವರಿಗೆ ಇನ್ನೊಮ್ಮೆ ಹೇಳಿಕೊಡಬೇಕಿತ್ತು.